ಗೊರಸಿಲ್ಲದ ಅಂಟು

"ಮೂಗು ಮುಚ್ಚಿಕೊಂಡು ಬಾಯಲ್ಲಿ ಉಸಿರಾಡಿ ಅಮ್ಮ. ಆಗ ವಾಸನೆ ಗೊತ್ತಾಗಲ್ಲ. ರುಚಿ ಗೊತ್ತಾಗುತ್ತೆ, ಅಷ್ಟೇ."

ಕಾವಲುಗಾರ ತನ್ನ ಮಾತಿಗೆ ತಾನೇ ನಕ್ಕ. ತಕ್ಕಡಿಯಮ್ಮ ನಗಲಿಲ್ಲ. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಅಂಟು ಕುದಿಸುವ ತೊಟ್ಟಿಯ ಅಂಚಿನಲ್ಲಿ ಬಗ್ಗಿ ನೋಡಿದಳು.

ತೊಟ್ಟಿಯೊಳಗೆ ಕಪ್ಪನೆಯದೊಂದು ಹೆಪ್ಪುಗಟ್ಟಿತ್ತು. ಅದರ ಮೇಲೆ ಆರಿದ ಗಂಜಿಯ ಮೇಲೆ ಕಟ್ಟುವಂಥ ಪೊರೆ. ಪೊರೆಯ ಮೇಲೆ ನೊಣಗಳು. ಕೆಲವು ಕೂತಲ್ಲೇ ಅಂಟಿಕೊಂಡು ಸತ್ತಿದ್ದವು. ಸತ್ತವುಗಳ ಬೆನ್ನ ಮೇಲೆ ಬದುಕಿದವು ಕೂತು ಕಾಲು ಉಜ್ಜಿಕೊಳ್ಳುತ್ತಿದ್ದವು. ನೋಡುತ್ತಿದ್ದಂತೆ ನಡುವಿನಲ್ಲಿ ಒಂದು ಗುಳ್ಳೆ ಮೆಲ್ಲಗೆ ಉಬ್ಬಿತು, ಯೋಚನೆ ಮಾಡಿದಂತೆ ಒಂದು ಗಳಿಗೆ ನಿಂತಿತು, ಒಡೆಯಿತು. ಒದ್ದೆ ಬಟ್ಟೆಯನ್ನು ಗಂಟಲಿಗೆ ತುರುಕಿದಂತೆ ನಾತ ಒಳಗಿಳಿಯಿತು.

"ಇದಕ್ಕೆ ಕೊನೆಯ ಸಲ ಗೊರಸು ಹಾಕಿದ್ದು ಯಾವಾಗ?"

"ನನ್ನ ಮಗಳ ಮದುವೆಗೆ ಮುಂಚೆ. ಈಗ ಅವಳ ಮಗ ಶಾಲೆಗೆ ಹೋಗಿ ಲೆಕ್ಕದಲ್ಲಿ ನಪಾಸಾಗ್ತಿದ್ದಾನೆ."

"ಬಾಯ್ಲರು?"

"ಅದು ಚೆನ್ನಾಗಿ ನಡೀತಿದೆ, ಬನ್ನಿ" ಎಂದು ಕಾವಲುಗಾರ ಬಾಯ್ಲರಿನ ಕಬ್ಬಿಣದ ಬಾಗಿಲು ತೆರೆದು ತೋರಿಸಿದ. ಒಳಗೆ, ಬೂದಿಯ ಮೇಲೆ ಹುಲ್ಲು ಹಾಸಿಕೊಂಡು ಒಂದು ಕೋಳಿ ಕಾವಿಗೆ ಕೂತಿತ್ತು. ಬಾಗಿಲು ತೆರೆದದ್ದಕ್ಕೆ ಅದು ಇಬ್ಬರನ್ನೂ ಬೈದಿತು.

ಇದು ಅಂಟಿನ ಕಂಪನಿ. ಗೊರಸು, ಕೊಂಬು, ಚರ್ಮದ ಚೂರು ಕುದಿಸಿ ಮರಗೆಲಸದವರಿಗೆ ಅಂಟು ಮಾಡಿಕೊಡುತ್ತಿದ್ದ ಕಾಲವೊಂದಿತ್ತು. ಆ ಕಾಲ ಹೋದಮೇಲೂ ಷೇರುಪೇಟೆಯಲ್ಲಿ ಕಂಪನಿಯ ಹೆಸರು ಮಾತ್ರ ಉಳಿದುಕೊಂಡಿತ್ತು. ಒಂದು ಷೇರಿನ ಬೆಲೆ ಒಂದು ಬೆಂಕಿಪೊಟ್ಟಣದ ಬೆಲೆ. ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ವರ್ಷಗಟ್ಟಲೆ ಹಾಗೇ ಬಿದ್ದಿತ್ತು.

ಈಗ ಕೆಲವು ತಿಂಗಳಿಂದ ಅದೇ ಷೇರು, ಹಿಂದೆ ವರ್ಷದಲ್ಲಿ ಆಗದಷ್ಟು, ಒಂದೇ ದಿನದಲ್ಲಿ ಕೈ ಬದಲಾಯಿಸುತ್ತಿತ್ತು. ಬೆಲೆ ಮೆಟ್ಟಿಲು ಹತ್ತಿದಂತೆ ಹತ್ತುತ್ತಿತ್ತು. ಅದನ್ನು ನೋಡಿ ಎಲ್ಲೆಲ್ಲಿಯೋ ಇರುವ ಮೇಷ್ಟರು, ಡ್ರೈವರು, ನರ್ಸುಗಳು, ಒಳಗೆ ಏನೋ ಇರಬೇಕು ಎಂದುಕೊಂಡು ಕೊಳ್ಳುತ್ತಿದ್ದರು.

ಒಳಗೆ ಇದ್ದದ್ದು ಇದು. ತೊಟ್ಟಿ, ನೊಣ, ಕೋಳಿ.

ತಕ್ಕಡಿಯಮ್ಮ ಹಿಂದೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವಳು. ಅಂಗಡಿಯವರು ಇಟ್ಟ ಅಡ್ಡಹೆಸರು ಕೆಲಸ ಬಿಟ್ಟಮೇಲೂ ಬಿಡಲಿಲ್ಲ. ಈಗ ಪತ್ತೇದಾರಿಕೆ ಮಾಡಿಕೊಂಡು ಕಂಡವರ ಸುಳ್ಳು ತೂಗುವುದೇ ಅವಳ ಕಸುಬು. ಆದರೆ ಈ ಸಲ ತಕ್ಕಡಿಯ ತಟ್ಟೆಯಲ್ಲಿ ಕೂತವನು ಅವಳ ಸ್ವಂತ ತಮ್ಮ. ಷೇರು ದಲ್ಲಾಳಿಯ ಕಚೇರಿಯಲ್ಲಿ ಆರ್ಡರು ಹಾಕುವ ಗುಮಾಸ್ತ. ಅಂಟಿನ ಷೇರನ್ನು ಕೊಂಡು ಮಾರಿ ಆಟವಾಡಿದ ಖಾತೆಗಳೆಲ್ಲ ಅವರಿಬ್ಬರ ಊರಿನ, ಅವರ ಅಮ್ಮನ ಡೇರಿಗೆ ಹಾಲು ಹಾಕುವವರ ಹೆಸರಿನಲ್ಲಿದ್ದವು. ಪೊಲೀಸರು ಅವನನ್ನು ಎತ್ತಿಕೊಂಡು ಹೋಗಿ ಲಾಕಪ್ಪಿನಲ್ಲಿ ಕೂರಿಸಿದ್ದರು. ನಾಳೆ ಅವನು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಅಷ್ಟರೊಳಗೆ ನಿಜವಾದ ಕೈ ಯಾರದೆಂದು ಅವಳು ತೋರಿಸದಿದ್ದರೆ ಜೈಲು.

"ಫೋನಿನಲ್ಲಿ ಬಂದ ಆರ್ಡರು ಹಾಕಿದೆ ಅಕ್ಕ. ಅಷ್ಟು ಬಿಟ್ಟು ನನಗೇನೂ ಗೊತ್ತಿಲ್ಲ" ಎಂದಿದ್ದ ಅವನು.

"ಫೋನು ಮಾಡಿದ್ದು ಯಾರೋ?"

ಅವನು ನೆಲ ನೋಡಿದ್ದ. "ಬಿಡಕ್ಕ. ನೀನು ಇದರಲ್ಲಿ ಕೈ ಹಾಕಬೇಡ."

ಹೆದರಿದ್ದಾನೆ ಎಂದುಕೊಂಡಿದ್ದಳು.

ಆ ಫೋನಿನ ಮಾತುಗಳು ಅವಳ ಚೀಲದಲ್ಲಿದ್ದವು. ದಲ್ಲಾಳಿಯ ಕಚೇರಿಯಲ್ಲಿ ಫೋನಿಗೆ ಬರುವ ಪ್ರತಿ ಆರ್ಡರೂ ಧ್ವನಿಮುದ್ರಣವಾಗುತ್ತದೆ. ಅಲ್ಲಿ ಫೋನೆತ್ತುವ ಹುಡುಗಿಗೆ ತಮ್ಮನ ಮೇಲೆ ಮರುಕ. ಅವಳು ಕದ್ದು ಒಂದು ಪ್ರತಿ ಕೊಟ್ಟಿದ್ದಳು. ಪ್ರತಿ ಸಲ ಬೇರೆ ಬೇರೆ ಹೆಸರು, ಬೇರೆ ಬೇರೆ ನಂಬರು. ನಂಬರುಗಳೆಲ್ಲ ಈಗ ಸತ್ತುಹೋಗಿವೆ. ದನಿ ಮಾತ್ರ ಒಂದೇ. ಬಾಯಿಗೆ ಬಟ್ಟೆ ಅಡ್ಡ ಹಿಡಿದ, ಗಂಡಸೋ ಹೆಂಗಸೋ ಹೇಳಲಾಗದ ಗೊಗ್ಗರು ದನಿ. ಮಾತು ಮುಗಿಯುವಾಗ ಹಿಂದಿನಿಂದ ಲೋಹಕ್ಕೆ ಲೋಹ ತಾಗಿದ ಸದ್ದು, ಎರಡು ಸಲ. ಟಣ್, ಟಣ್.

ಆ ಸದ್ದನ್ನೇ ಹುಡುಕಿಕೊಂಡು ಬೆಳಗಿನಿಂದ ಅವಳು ಕಾರ್ಖಾನೆಯ ಗೇಟು, ಸರಪಳಿ, ಪೈಪು, ಬಾಯ್ಲರಿನ ಬಾಗಿಲು ಎಲ್ಲವನ್ನೂ ಬಡಿದು ನೋಡಿದ್ದಳು.

"ಗಟ್ಟಿಯಾಗಿದೆಯಾ ಅಂತ ನೋಡ್ತಿದ್ದೀರಾ ಅಮ್ಮ? ಕೊಂಡುಕೊಳ್ಳೋ ಯೋಚನೆಯಾ?" ಎಂದು ಕಾವಲುಗಾರ ಕೇಳಿದ.

"ಕೊಂಡುಕೊಂಡು ಏನು ಮಾಡಲಿ? ಇದರ ಸೇರು ಕೊಂಡವರೇ ಸಾಕಷ್ಟು ಜನ ಇದ್ದಾರಲ್ಲ."

ಯಾವ ಸದ್ದೂ ಕೂಡಿಬರಲಿಲ್ಲ. ಬದಲಿಗೆ ಸಿಕ್ಕಿದ್ದು ಬೇರೆಯದು. ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಪಕ್ಕದ ಪೆಟ್ಟಿಗೆಯಲ್ಲಿ, ಧೂಳು ಒರೆಸಿದಾಗ, ತಂತಿಗೆ ಕಟ್ಟಿದ ಸೀಸದ ಮುದ್ರೆ. ವರ್ಷಕ್ಕೊಮ್ಮೆ ಪರೀಕ್ಷಿಸಿ ಹೊಸ ಮುದ್ರೆ ಒತ್ತದಿದ್ದರೆ ಅದರಲ್ಲಿ ಒಂದು ಬುಟ್ಟಿಯನ್ನೂ ತೂಗುವಂತಿಲ್ಲ. ಅಲ್ಲಿದ್ದ ಕೊನೆಯ ಮುದ್ರೆ ಅವಳದೇ. ಇಲಾಖೆಯಲ್ಲಿದ್ದಾಗ ಅವಳೇ ಇಕ್ಕಳದಲ್ಲಿ ಒತ್ತಿದ್ದು. ಆಮೇಲೆ ಯಾರೂ ಮುಟ್ಟಿಲ್ಲ.

ಹಳೆಯ ಗೆಳತಿ ಹೊಲಸಿನಲ್ಲಿ ಬಿದ್ದಿದ್ದನ್ನು ಕಂಡಂತಾಯಿತು ಅವಳಿಗೆ. ಕರವಸ್ತ್ರದಿಂದಲೇ ಮುದ್ರೆಯನ್ನು ಒರೆಸಿದಳು. ಆಮೇಲೆ ಆ ಕರವಸ್ತ್ರವನ್ನು ಮೂಗಿಗೆ ಹಿಡಿಯಲಾಗಲಿಲ್ಲ.

ಗೇಟಿನ ಹೊರಗೆ ಕಾರು ನಿಂತ ಸದ್ದಾಯಿತು.

"ಧಣಿ ಬಂದರು" ಎಂದು ಕಾವಲುಗಾರ ನಗು ನುಂಗಿಕೊಂಡು ನೆಟ್ಟಗೆ ನಿಂತ.

ಅಂಟಿನ ಧಣಿ ಕಾರಿನಿಂದ ಇಳಿಯುವ ಮುಂಚೆ ತನ್ನ ಬಿಳಿ ಬೂಟುಗಳಿಗೆ ಪ್ಲಾಸ್ಟಿಕ್ ಚೀಲ ತೊಡಿಸಿಕೊಂಡ. ಕಾರ್ಖಾನೆಯ ಅಂಗಳವನ್ನು ಕೊಕ್ಕರೆಯಂತೆ ಕಾಲೆತ್ತಿ ಕಾಲೆತ್ತಿ ದಾಟಿ ಬಂದ.

"ಏನು ಇನ್‌ಸ್ಪೆಕ್ಟರಮ್ಮ, ಬಿಸಿಲಲ್ಲಿ ನಿಂತಿದ್ದೀರಿ? ಒಳಗೆ ಬನ್ನಿ, ಒಳಗೆ ಬನ್ನಿ. ನಮ್ಮದು ಬಡವರ ಮನೆ."

ಒಳಗಿನ ಕೋಣೆ ಒಂದೇ ಇಡೀ ಕಾರ್ಖಾನೆಯಲ್ಲಿ ಹೊಸದು. ಗಾಜಿನ ಮೇಜು, ತಿರುಗುವ ಕುರ್ಚಿ, ಕಂಪ್ಯೂಟರು, ಗುಂಡಿ ಒತ್ತುವ ಫೋನು. ಗೋಡೆಯ ಮೇಲೆ ಥಳಥಳಿಸುವ ಯಂತ್ರವೊಂದರ ಫೋಟೋ. ಆ ಯಂತ್ರ ಈ ಅಂಗಳವನ್ನು ಎಂದೂ ಕಂಡಿರಲಿಲ್ಲ. ನಾತ ಮುಚ್ಚಲೆಂದು ಮಲ್ಲಿಗೆ ವಾಸನೆಯ ಸೆಂಟು ಸಿಂಪಡಿಸಿದ್ದರು. ಹೆಣಕ್ಕೆ ಪೌಡರು ಬಳಿದಂತಿತ್ತು. ಹೊರಗಿನ ನಾತವೇ ವಾಸಿ, ಅದು ಸುಳ್ಳು ಹೇಳುತ್ತಿರಲಿಲ್ಲ ಎನಿಸಿತು ಅವಳಿಗೆ.

ಕಾವಲುಗಾರ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ತಂದಿಟ್ಟ.

"ತಗೊಳ್ಳಿ. ನಮ್ಮ ಬಾಯ್ಲರಿನದೇ" ಎಂದು ಧಣಿ ಕಿರುಬೆರಳಿನ ಉದ್ದ ಉಗುರಿನಿಂದ ಒಂದು ಮೊಟ್ಟೆಯ ಸಿಪ್ಪೆ ಬಿಡಿಸತೊಡಗಿದ. ಉಗುರಿನ ಕೆಳಗೆ ಕಪ್ಪು ಗೆರೆಯಿತ್ತು. "ಅಂಟಿನ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ."

"ನಿಮ್ಮ ಕಂಪನಿಯ ಸೇರು ದಿನಕ್ಕೆ ಲಕ್ಷಗಟ್ಟಲೆ ಓಡಾಡ್ತಿದೆ" ಎಂದಳು ತಕ್ಕಡಿಯಮ್ಮ. "ಲಾರಿಗಟ್ಟಲೆ ಗೊರಸು ಬರ್ತಿದೆ ಅಂತ ಪುಸ್ತಕ ಅಚ್ಚು ಹಾಕಿ ಹಂಚಿದ್ದೀರಿ. ಯಾವ ಲಾರಿ? ಯಾವುದರಲ್ಲಿ ತೂಗಿದಿರಿ? ವೇಬ್ರಿಡ್ಜಿನ ಮೇಲಿರೋ ಮುದ್ರೆ ನನ್ನದು. ನಾನು ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು."

ಧಣಿ ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಅಗಿಯುತ್ತಲೇ ಮಾತಾಡಿದ. ತುಟಿಯ ಮೂಲೆಯಲ್ಲಿ ಹಳದಿ ಪುಡಿ ಕೂತಿತು.

"ಜಾಣೆ. ಇಷ್ಟು ಜನ ಷೇರು ಕೊಂಡರು, ಒಬ್ಬನಾದರೂ ಬಂದು ಇದನ್ನ ನೋಡಲಿಲ್ಲ ನೋಡಿ. ಎಲ್ಲರೂ ಓಡಾಟ ನೋಡ್ತಾರೆ. ಇಷ್ಟು ಜನ ನುಗ್ಗುತ್ತಿದ್ದಾರೆ ಅಂದಮೇಲೆ ಏನೋ ಇದ್ದೇ ಇರಬೇಕು ಅಂತ."

"ನುಗ್ಗುತ್ತಿರೋರು ಯಾರು? ನೀವೇ ಅಲ್ಲವಾ?"

"ನಾನು ಅವನಿಗೆ ಮಾರ್ತೀನಿ, ಅವನು ಇವಳಿಗೆ, ಇವಳು ತಿರುಗಿ ನನಗೆ. ಮೂರು ಜನ ಸಾಲಾಗಿ ಕೂತು ಒಂದೇ ಕೊಡ ನೀರನ್ನ ಸುರಿದಾಡಿದರೆ, ಗೋಡೆಯಾಚೆ ನಿಂತು ಕೇಳೋನಿಗೆ ಹೊಳೆ ಹರಿದ ಹಾಗೆ ಕೇಳಿಸುತ್ತೆ. ಬಿಂದಿಗೆ ತಗೊಂಡು ಓಡಿ ಬರ್ತಾನೆ."

"ಓಡಿ ಬಂದೋರ ಗತಿ?"

"ನೊಣಕ್ಕೆ ನಾವೇನು ಕಾಗದ ಬರೆದು ಕರೀತೀವಾ?" ಅವನು ಕರವಸ್ತ್ರಕ್ಕೆ ಕೈ ಒರೆಸಿದ. "ಅಂಟಿನ ವ್ಯಾಪಾರ ನಿಂತಿಲ್ಲ ಇನ್‌ಸ್ಪೆಕ್ಟರಮ್ಮ. ಮೊದಲು ಗೊರಸಿನಿಂದ ತೆಗೀತಿದ್ದೆವು. ಈಗ ಆಸೆಯಿಂದ ತೆಗೀತೀವಿ. ಕುದಿಸೋ ಖರ್ಚೂ ಇಲ್ಲ."

ತಕ್ಕಡಿಯಮ್ಮ ಬಾಯಿ ತೆರೆದು ಉಸಿರೆಳೆದಳು. ಉಗುಳು ನುಂಗಿದಳು. ಕಾವಲುಗಾರ ಹೇಳಿದ್ದು ನಿಜ. ನಾತಕ್ಕೆ ರುಚಿ ಇತ್ತು.

"ನನ್ನ ತಮ್ಮನನ್ನ ಯಾಕೆ ಎಳೆದಿರಿ?"

"ನಾನೆಲ್ಲಿ ಎಳೆದೆ? ಪೊಲೀಸರು ಎಳೆದರು."

"ಅವನು ಲಾಕಪ್ಪಿನಲ್ಲಿ ಕೂತಿದ್ದಾನೆ. ಆದರೂ ನಿಮ್ಮ ಸೇರಿನ ಓಡಾಟ ನಿಂತಿಲ್ಲ. ನಿನ್ನೆ ಇನ್ನೂ ಜಾಸ್ತಿಯಾಗಿದೆ. ಕೈಗೆ ಬೇಡಿ ಬಿದ್ದವನು ಆರ್ಡರು ಹೇಗೆ ಹಾಕ್ತಾನೆ? ಇದೊಂದೇ ಸಾಕು ನ್ಯಾಯಾಧೀಶರಿಗೆ."

"ಸಾಲದು. ಜೊತೆಗಾರರು ಹಾಕ್ತಿದ್ದಾರೆ ಅಂತಾರೆ. ಹಾಲಿನವರ ಗುರುತಿನ ಕಾಗದ ತಂದುಕೊಟ್ಟೋನು ಅವನೇ ಅಂತಾರೆ. ಡೇರಿಯಲ್ಲಿ ಬ್ಯಾಂಕ್ ಖಾತೆ ಮಾಡಿಸಿಕೊಡ್ತೀನಿ ಅಂತ ಮೇಜು ಹಾಕಿ ಕೂತಿದ್ದು ಅವನೇ ತಾನೇ?"

"ಕಾಗದ ಯಾರು ತಂದರೋ ಆಮೇಲೆ ನೋಡೋಣ. ಆರ್ಡರು ಕೊಟ್ಟ ದನಿ ನಿಮ್ಮದು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಗೊತ್ತಾಗಲ್ಲ ಅಂದುಕೊಂಡಿರಾ?"

ಅವಳು ತನ್ನ ಫೋನನ್ನು ಗಾಜಿನ ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ಗೊಗ್ಗರು ದನಿ ಕೋಣೆಯನ್ನು ತುಂಬಿತು.

"ಅಂಟಿನದು ಇಪ್ಪತ್ತು ಸಾವಿರ ಸೇರು ತಗೊಳ್ಳಿ... ಹೂಂ, ಆ ಬೆಲೆಗೇ... ಸಂಜೆಗೆ ಹತ್ತು ಸಾವಿರ ಸೇರು ಮಾರಿ."

ಟಣ್, ಟಣ್.

ಧಣಿ ಕುರ್ಚಿಯನ್ನು ಅರ್ಧ ತಿರುಗಿಸಿ, ಕಣ್ಣು ಮುಚ್ಚಿ, ಹಾಡು ಕೇಳುವವನಂತೆ ಕೇಳಿದ. ಮುಗಿದಮೇಲೆ ಕಣ್ಣು ಬಿಟ್ಟ.

"ಇನ್ನೊಂದು ಸಲ ಹಾಕಿ."

ಹಾಕಿದಳು.

"ಇದು ನನ್ನ ದನಿ ಅಂತೀರಾ?"

"ಬೇರೆ ಯಾರದು?"

"ಇನ್‌ಸ್ಪೆಕ್ಟರಮ್ಮ, ಷೇರು ಅನ್ನಿ ನೋಡೋಣ."

"ಏನು?"

"ಷೇರು. ಕಂಪನಿಯಲ್ಲಿ ಪಾಲು. ಅದನ್ನ ಏನಂತೀರಿ, ಹೇಳಿ."

"ಸೇರು" ಎಂದಳು ತಕ್ಕಡಿಯಮ್ಮ. ಅಂದವಳೇ ತಡೆದಳು.

"ಅದೇ ನೋಡಿ!" ಧಣಿ ಮೇಜು ತಟ್ಟಿ ನಕ್ಕ. ಬಾಯೊಳಗೆ ಮೊಟ್ಟೆಯ ಚೂರು ಕಂಡಿತು. "ನನ್ನ ಬಾಯಲ್ಲಿ ಷೇರು ಅಂತ ಬರುತ್ತೆ. ದಲ್ಲಾಳಿಗಳೆಲ್ಲ ಷೇರು ಅಂತಾರೆ. ನಿಮ್ಮ ತಮ್ಮನೂ ಪೇಟೆಗೆ ಬಂದು ನಾಲಿಗೆ ತಿದ್ದಿಕೊಂಡು ಷೇರು ಅಂತಾನೆ. ನೀವು ಬಂದಾಗಿನಿಂದ ಸೇರು ಸೇರು ಅಂತಿದ್ದೀರಿ, ಹಾಲು ಅಳೀತಿರೋ ಹಾಗೆ. ಈ ದನಿಯೂ ಹಾಗೇ ಅನ್ನುತ್ತೆ. ನೀವು ಇದನ್ನ ಎಷ್ಟು ಸಲ ಕೇಳಿದ್ದೀರಿ?"

ಎಷ್ಟು ಸಲ ಕೇಳಿದ್ದಳೋ. ಗೋಡೆಗೆ ಒರಗಿ, ಹಾಸಿಗೆಯಲ್ಲಿ ಮಲಗಿ, ಬಸ್ಸಿನಲ್ಲಿ ಕೂತು. ದನಿಯ ಗೊಗ್ಗರು ಹಿಡಿದಿದ್ದಳು, ಉಸಿರು ಹಿಡಿದಿದ್ದಳು, ಹಿಂದಿನ ಸದ್ದು ಹಿಡಿದಿದ್ದಳು. ಆ ಪದ ಮಾತ್ರ ಕಿವಿಗೆ ತಾಗಿರಲಿಲ್ಲ. ಹೇಗೆ ತಾಗೀತು? ಅವಳು ಹುಟ್ಟಿದ ಮನೆಯಲ್ಲಿ ಅದನ್ನು ಹಾಗೇ ಅನ್ನುತ್ತಿದ್ದರು. ತಪ್ಪೆಂದು ಹೇಳುವವರು ಯಾರೂ ಇರಲಿಲ್ಲ. ತನ್ನ ಬೆವರಿನ ವಾಸನೆ ತನಗೆ ಬಾರದ ಹಾಗೆ.

ಆ ಮನೆಯಲ್ಲಿ ಇದ್ದವರು ಮೂವರು. ತಮ್ಮ ನಾಲಿಗೆ ತಿದ್ದಿಕೊಂಡ. ಒಂದು ನಾಲಿಗೆ ಅವಳದು.

ಉಳಿದದ್ದು ಒಂದು.

ಬೆಳಿಗ್ಗೆ ಹೊರಡುವಾಗ ಅಮ್ಮ ಡೇರಿಯ ಜಗುಲಿಯಲ್ಲಿ ಹಾಲು ಅಳೆಯುತ್ತಿದ್ದಳು. ಪಕ್ಕದಲ್ಲಿ ದನಗಳ ಹೊಟ್ಟಿನ ಮೂಟೆ. ಅದರ ಧೂಳು ಅವಳಿಗೆ ಆಗುವುದಿಲ್ಲ, ಎಂದಿನಂತೆ ಮೂಗು ಬಾಯಿಗೆ ಬಟ್ಟೆ ಬಿಗಿದಿದ್ದಳು. ಹಾಲು ಹಾಕುವವರ ಪೈಕಿ ಹಲವರ ಗುರುತಿನ ಕಾಗದ, ಕೀಲಿಕೈ, ಓಲೆ, ಉಂಗುರ ಎಲ್ಲ ಅವಳ ಪೆಟ್ಟಿಗೆಯಲ್ಲೇ ಇರುತ್ತಿದ್ದವು. ಮನೆಯವರನ್ನು ನಂಬದ ಹೆಂಗಸರೂ ಅವಳನ್ನು ನಂಬುತ್ತಿದ್ದರು. ಒಂದು ಹನಿ ಹೆಚ್ಚು ಕಡಿಮೆ ಅಳೆದವಳಲ್ಲ. ಇನ್‌ಸ್ಪೆಕ್ಟರ್ ಆಗಿದ್ದಾಗ ಮಗಳು, ಹಳೆಯ ಅಳತೆ ಈಗ ನಡೆಯುವುದಿಲ್ಲ ಎಂದು ಅಮ್ಮನ ಹಿತ್ತಾಳೆಯ ಸೇರನ್ನೇ ಜಪ್ತಿ ಮಾಡಿದ್ದಳು. ಅಮ್ಮ ಆ ಸಿಟ್ಟಿಗೆ ಎಷ್ಟೋ ದಿನ ಮಾತೇ ಆಡಿರಲಿಲ್ಲ. ಲೀಟರಿನ ಅಳತೆ ಬಂದಮೇಲೂ ಅದನ್ನು ಸೇರು ಎಂದೇ ಕರೆದಳು.

"ಎಲ್ಲಿಗೆ ಹೊರಟೆಯೇ?"

"ಅಂಟಿನ ಕಾರ್ಖಾನೆಗೆ."

"ಆ ನಾತದ ಕೊಂಪೆಗೆ ಯಾಕೆ ಹೋಗ್ತೀ? ಅಲ್ಲೇನಿದೆ ಮಣ್ಣು? ಉಂಡು ಹೋಗು."

ನಾತವಿದೆ ಎಂದು ಅಮ್ಮನಿಗೆ ಹೇಗೆ ಗೊತ್ತು ಎಂದು ಅವಳು ಆಗ ಕೇಳಿರಲಿಲ್ಲ. ಮಗ ಲಾಕಪ್ಪಿಗೆ ಬಿದ್ದಮೇಲೆ ಅಮ್ಮ ಒಂದು ಸಲವೂ ಅವನನ್ನು ನೋಡಲು ಹೋಗಿರಲಿಲ್ಲ. "ಡೇರಿ ಬಿಟ್ಟು ಹೇಗೆ ಬರಲಿ?" ಎಂದಿದ್ದಳು. ಅದನ್ನೂ ಸಂಕಟ ಎಂದೇ ತಿಳಿದಿದ್ದಳು.

ಅಳತೆಯಲ್ಲಿ ಉಳಿದ ಕೊನೆಯ ಹನಿಯನ್ನೂ ಬಿಡದೆ ಕ್ಯಾನಿಗೆ ಇಳಿಸಲು, ಅಮ್ಮ ಅಳತೆಯನ್ನು ಕ್ಯಾನಿನ ಕಂಠಕ್ಕೆ ಕುಟ್ಟುತ್ತಿದ್ದಳು. ಎರಡು ಸಲ. ಚಿಕ್ಕಂದಿನಿಂದ ದಿನಾ ಆ ಸದ್ದಿಗೇ ಇವಳಿಗೆ ಎಚ್ಚರವಾಗುತ್ತಿತ್ತು.

"ಅಕ್ಷರ ಬಾರದ ಹೆಂಗಸು ನನ್ನಮ್ಮ" ಎಂದಳು ತಕ್ಕಡಿಯಮ್ಮ. ದನಿ ತನ್ನದೇ ಎನಿಸಲಿಲ್ಲ.

"ಆರ್ಡರು ಕೊಡೋಕೆ ಅಕ್ಷರ ಯಾಕೆ? ಬಾಯಿ ಸಾಕು. ಊರವರೆಲ್ಲ ನಂಬೋ ಬಾಯಿ."

"ಸುಳ್ಳು. ನಮ್ಮನ್ನ ಹೆದರಿಸೋಕೆ ಹೇಳ್ತಿದ್ದೀರಿ."

"ನಿಮ್ಮ ತಮ್ಮ ಯಾಕೆ ಬಾಯಿ ಬಿಡ್ತಿಲ್ಲ ಅಂದುಕೊಂಡಿರಿ? ಹೆತ್ತವಳ ದನಿ ಮಗನಿಗೆ ಗೊತ್ತಾಗಲ್ಲವಾ? ಅವನು ತಾಯಿಯನ್ನ ಉಳಿಸ್ತಿದ್ದಾನೆ. ತಾಯಿ..." ಧಣಿ ಭುಜ ಕುಣಿಸಿದ. "ತಾಯಿಗೆ ಡೇರಿ ಬಿಟ್ಟು ಬರೋಕೆ ಪುರುಸೊತ್ತಿಲ್ಲ."

ಅದೇ ಮಾತು. ಮನೆಯ ಜಗುಲಿಯಲ್ಲಿ ಆಡಿದ ಮಾತು ಈ ಹೊಲಸು ಬಾಯಿಗೆ ಹೇಗೆ ಬಂತು?

"ಏನು ಬೇಕು ನಿಮಗೆ?"

"ಏನೂ ಬೇಡ. ನಾಳೆ ಕೋರ್ಟಿನಲ್ಲಿ ನೀವು ಸುಮ್ಮನಿರಿ. ವೇಬ್ರಿಡ್ಜು ನೋಡಲಿಲ್ಲ, ಫೋನಿನ ಮಾತು ಕೇಳಲಿಲ್ಲ. ಹುಡುಗ ಒಬ್ಬನೇ ಹೊರಲಿ. ಸಣ್ಣ ವಯಸ್ಸು, ಬೇಗ ಬಿಡ್ತಾರೆ. ಇಲ್ಲ, ದನಿ ಯಾರದು ಅಂತ ಹೇಳ್ತೀನಿ ಅಂದರೆ, ಹೇಳಿ. ತಮ್ಮನನ್ನ ಬಿಡಿಸಿಕೊಂಡು ಬಂದು ಆ ಜಾಗದಲ್ಲಿ ತಾಯಿಯನ್ನ ಕೂರಿಸಿ. ತಕ್ಕಡಿ ನಿಮ್ಮ ಕೈಯಲ್ಲೇ ಇದೆಯಲ್ಲ."

ತಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯನ್ನು ಅವನು ಅವಳತ್ತ ಸರಿಸಿದ. ಅದರ ಮೇಲೆ ಒಂದು ನೊಣ ಕೂತಿತ್ತು.

ತಕ್ಕಡಿಯಮ್ಮ ಎದ್ದಳು. "ನಮ್ಮಮ್ಮನನ್ನ ನೀವು ಬೆದರಿಸಿ ಮಾಡಿಸಿದ್ದೀರಿ. ಏನೂ ತಿಳಿಯದ ಮುದುಕಿಯ ಬಾಯಿಗೆ ಮಾತು ತುರುಕಿದ್ದೀರಿ. ಅದನ್ನೇ ಹೇಳ್ತೀನಿ ನಾಳೆ."

ಧಣಿ ನಗಲಿಲ್ಲ. ಮೊದಲ ಸಲ ಅವನ ಮುಖದಲ್ಲಿ ಮರುಕದಂಥದ್ದೇನೋ ಸುಳಿಯಿತು. ಅದು ಅವನ ನಗುವಿಗಿಂತ ಹೇಸಿಗೆಯಾಗಿತ್ತು.

ಮೇಜಿನ ಮೇಲಿನ ಫೋನನ್ನು ಅವಳ ಮುಂದಕ್ಕೆ ತಳ್ಳಿದ.

"ಈ ಗುಂಡಿ ಒತ್ತಿ. ಕೊನೆಗೆ ಮಾತಾಡಿದ ನಂಬರಿಗೆ ಹೋಗುತ್ತೆ. ನೀವು ಮಾತಾಡಬೇಡಿ, ಕೇಳಿ. ಬೆದರಿದವರ ದನಿ ಹೇಗಿರುತ್ತೆ ಅಂತ ನಿಮಗೆ ಗೊತ್ತಲ್ಲ."

ಫೋನಿನ ಮೇಲೂ ಅವನ ಬೆರಳಿನ ಜಿಡ್ಡಿತ್ತು. ಅವಳು ಅದನ್ನು ಒರೆಸದೆ ಕಿವಿಗೆ ಹಿಡಿದಳು. ಒತ್ತಿದಳು.

ಅತ್ತ ಗಂಟೆ ಹೊಡೆದುಕೊಂಡಿತು. ಎತ್ತದಿರಲಿ, ಯಾರೂ ಎತ್ತದಿರಲಿ ಎಂದುಕೊಂಡಳು.

ಎತ್ತಿದರು. ಮೊದಲು ಕೇಳಿದ್ದು ಸದ್ದು. ಟಣ್, ಟಣ್.

ಆಮೇಲೆ ಬಟ್ಟೆಯ ಹಿಂದಿನಿಂದ, ನಿಧಾನವಾಗಿ, ಕೆಲಸ ಬಲ್ಲವರ ದನಿ.

"ಹೇಳಿ ಧಣಿ. ಇವತ್ತು ಯಾರ ಹೆಸರು? ಎಷ್ಟು ಸೇರು?"

ತಕ್ಕಡಿಯಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

ಅತ್ತಲಿಂದ ಹಾಲು ಸುರಿಯುವ ಸದ್ದು. ದನಿ ಸ್ವಲ್ಪ ತಗ್ಗಿತು.

"ಅಂದಹಾಗೆ, ನಮ್ಮ ತಕ್ಕಡಿ ಅಲ್ಲಿಗೆ ಬಂದು ಹೋದಳಾ? ಅವಳ ಹೆಸರಲ್ಲೂ ಒಂದು ಖಾತೆ ಇದೆ ಅಂತ ಹೇಳಿಬಿಟ್ಟಿರಾ ಹೇಗೆ?"